ಎಲೆ ಹಳದಿಯಾಗುವ ತನಕ

ಆ ಮನೆಯಲ್ಲಿ ಜಗಳಕ್ಕೆ ಬರ ಅಂತ ಯಾವತ್ತೂ ಇರಲಿಲ್ಲ. ಉಪ್ಪು ಹೆಚ್ಚಾದದ್ದಕ್ಕೆ, ಚಿಲಕ ಹಾಕದ್ದಕ್ಕೆ, ಕತ್ತರಿ ಎಲ್ಲಿಟ್ಟೆ ಎನ್ನುವುದಕ್ಕೆ ಇಬ್ಬರು ಮುದುಕಿಯರೂ ಬೆಳಗ್ಗೆ ಕಾದಾಡಿ, ಮಧ್ಯಾಹ್ನದ ಹೊತ್ತಿಗೆ ಒಂದೇ ಮೊರದ ಮುಂದೆ ಕೂತು ಬಟಾಣಿ ಸುಲಿಯುತ್ತಿದ್ದರು. ಆದರೆ ಒಂದು ಹೂವಿನ ಅಪ್ಪ ಯಾರು ಎಂದು ಹತ್ತಿಕೊಂಡ ಜಗಳ ಮನೆಯನ್ನೇ ಎರಡು ಮಾಡೀತು ಎಂದು ಸೊಸೆ ಕನಸಿನಲ್ಲೂ ಎಣಿಸಿರಲಿಲ್ಲ.

ಮುದುಕಿಯರಲ್ಲಿ ಹಿರಿಯಳು ಸೊಸೆಯ ಅತ್ತೆ. ಇನ್ನೊಬ್ಬಳು ಅತ್ತೆಯ ನಾದಿನಿ, ಅಂದರೆ ತೀರಿಹೋದ ಮಾವನ ತಂಗಿ. ಮದುವೆಯಾಗದೆ, ಗುಂಡಿ ಹೊಲಿಯುವ ಕಾರ್ಖಾನೆಯಲ್ಲಿ ಕಣ್ಣು ಸವೆಸಿ, ಹುಟ್ಟಿದ ಮನೆಯಲ್ಲೇ ಉಳಿದವಳು. ಮೊಮ್ಮಗಳು ಪುಟ್ಟಿ ಮಾತು ಕಲಿತಾಗ ಒಬ್ಬಳನ್ನು ದೊಡ್ಡಜ್ಜಿ, ಇನ್ನೊಬ್ಬಳನ್ನು ಸಣ್ಣಜ್ಜಿ ಎಂದಳು. ಅಂದಿನಿಂದ ಮನೆಗೂ ಬೀದಿಗೂ ಅದೇ ಹೆಸರು ಗಟ್ಟಿಯಾಯಿತು. ದೊಡ್ಡಜ್ಜಿಗೆ ಕೋಪ ಮೂಗಿನ ತುದಿಯಲ್ಲಿ. ಸಣ್ಣಜ್ಜಿಗೆ ಕೋಪ ಬರುವುದು ಅಪರೂಪ, ಬಂದರೆ ಇಳಿಯುವುದು ಇನ್ನೂ ಅಪರೂಪ.

ಇಬ್ಬರಿಗೂ ಇದ್ದದ್ದು ಒಂದೇ ಹುಚ್ಚು, ಗಂಟೆಹೂವು. ಪೊಟ್ಟಣದ ಮೇಲೆ ಫ್ರಿಟಿಲೇರಿಯಾ ಎಂದು ನಾಲಿಗೆ ಹೊರಳದ ಹೆಸರು. ತಲೆ ತಗ್ಗಿಸಿ ಗಂಟೆಯ ಹಾಗೆ ತೂಗುವುದರಿಂದ ಇವರ ಬಾಯಲ್ಲಿ ಗಂಟೆಹೂವು. ಹಿತ್ತಲಿನ ಒಗೆಯುವ ಕಲ್ಲಿನ ಆಚೆ ದೊಡ್ಡಜ್ಜಿಯ ಕುಂಡಗಳು, ಈಚೆ ಸಣ್ಣಜ್ಜಿಯವು. ಒಂದು ಮೊಗ್ಗಿನ ಕೇಸರವನ್ನು ಚಿಮುಟದಿಂದ ಕಿತ್ತು, ಇನ್ನೊಂದು ಹೂವಿನ ಪರಾಗವನ್ನು ಕುಂಚದಿಂದ ಸವರಿ, ತೊಟ್ಟಿಗೆ ದಾರ ಕಟ್ಟಿ, ದುಂಬಿ ನುಗ್ಗದ ಹಾಗೆ ತೆಳುಬಟ್ಟೆಯ ಚೀಲ ಹಾಕಿ ಮಿಶ್ರತಳಿ ಮಾಡುವುದು ಇವರ ಕಸುಬು. ಬೀಜ ಬಿತ್ತಿದ ಮೇಲೆ ಹೂವಿನ ಮುಖ ನೋಡಲು ಐದಾರು ವರ್ಷ ಕಾಯಬೇಕು.

"ನಮ್ಮ ಪುಟ್ಟಿ ಹುಟ್ಟಿ, ನಡೆದು, ಶಾಲೆಗೆ ಸೇರಿದ್ಲು. ಇವರ ಬೀಜ ಇನ್ನೂ ಆಕಳಿಸ್ತಾ ಇದೆ" ಎಂದು ಸೊಸೆಯ ಗಂಡ ನಗುತ್ತಿದ್ದ. ಅವನು ಲಿಫ್ಟ್ ರಿಪೇರಿಯವನು. ಗುಂಡಿ ಒತ್ತಿದ ಕೂಡಲೇ ಬಾಗಿಲು ತೆರೆಯಬೇಕು ಎನ್ನುವ ಜಾತಿ.

ಆ ವರ್ಷ ಚಳಿ ಕಳೆಯುತ್ತಲೇ ಒಂದು ಹಳೇ ಬಣ್ಣದ ಡಬ್ಬಿಯಲ್ಲಿ ಹೊಸ ಹೂವು ಬಂತು. ಬಂದದ್ದು ಎಂಥ ಹೂವು ಅಂತೀರಿ! ಹೊರಗೆ ಕಡುಗಪ್ಪು, ಹೊಳಪಿಲ್ಲದ ಕಪ್ಪು; ಮೆಲ್ಲಗೆ ಬೆರಳಿನಿಂದ ಎತ್ತಿ ಒಳಗೆ ನೋಡಿದರೆ ಜೇನಿನ ಬಣ್ಣದ ಚೌಕಳಿ, ಯಾರೋ ಗೆರೆ ಹಾಕಿ ಕೂತು ತುಂಬಿದ ಹಾಗೆ. ಬೀದಿಯ ಹೆಂಗಸರು ಸಾಲುಗಟ್ಟಿ ಬಂದು ಬಗ್ಗಿ ನೋಡಿ ಹೋದರು. ಸೊಸೆಗೆ ಹೂವಿನ ಗಂಧಗಾಳಿ ಇಲ್ಲ, ಲಾಂಡ್ರಿಯಲ್ಲಿ ದಿನವಿಡೀ ಇಸ್ತ್ರಿ ಒತ್ತುವವಳು. ಅವಳು ಕೂಡ ಕೆಲಸಕ್ಕೆ ಹೊರಟವಳು ವಾಪಸು ಬಂದು ಇನ್ನೊಂದು ಸಲ ನೋಡಿದಳು.

ತೊಂದರೆ ಏನೆಂದರೆ, ಆ ಡಬ್ಬಿಗೆ ಬಿತ್ತಿದ್ದು ಯಾರು ಎಂಬುದು ಇಬ್ಬರಿಗೂ ಚೆನ್ನಾಗಿ ನೆನಪಿತ್ತು. ತಾನೇ ಅಂತ ದೊಡ್ಡಜ್ಜಿ, ತಾನೇ ಅಂತ ಸಣ್ಣಜ್ಜಿ.

"ನೋಡು, ಒಳಗಿನ ಚೌಕಳಿ ನೋಡು. ನನ್ನ ಬಿಳಿ ಚೌಕಳಿ ಗಂಟೆಯ ಮಗಳು ಇದು. ಅಪ್ಪನೂ ನನ್ನ ಹಳದಿ ಗಂಟೆಯೇ" ಎಂದಳು ದೊಡ್ಡಜ್ಜಿ.

"ಹಳದಿಗೂ ಬಿಳಿಗೂ ಕಪ್ಪು ಮಗು ಹುಟ್ಟುತ್ತಾ ಅತ್ತಿಗೆ? ಇದರಪ್ಪ ನನ್ನ ಕಪ್ಪು ಗಂಟೆ, ಕರಿಯ. ಮೂಸಿ ನೋಡು, ಅವನದೇ ಒದ್ದೆ ನಾಯಿ ವಾಸನೆ."

"ನನಗೆ ಶೀತ ಆಗಿದೆ."

"ಹೂ ಬಿಟ್ಟ ದಿನದಿಂದ ನಿನಗೆ ಶೀತ!"

ಹೂದೋಟದ ಸಂಘದ ಮುಖ್ಯಸ್ಥರು, ಹಿಂದೆ ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಮೇಷ್ಟ್ರು, ಒಂದು ಸಂಜೆ ಬಂದು ಕನ್ನಡಕ ಏರಿಸಿ ಬಗ್ಗಿ ನೋಡಿದರು, ಮೂಸಿದರು, ಮೂಗು ಒರೆಸಿಕೊಂಡರು. ಹೊಸ ತಳಿಯೆಂದು ಸಂಘ ಒಪ್ಪಬೇಕಾದರೆ ಅಪ್ಪ ಅಮ್ಮ ಯಾರೆಂದು ಹೇಳಬೇಕು, ಇಲ್ಲದಿದ್ದರೆ 'ಹುಟ್ಟು ತಿಳಿಯದು' ಎಂದು ಸೇರಿಸುತ್ತೇವೆ ಎಂದರು. ಆಮೇಲೆ ಒಂದು ದಾರಿಯನ್ನೂ ಹೇಳಿದರು. ಕರಿಯನ ಗೆಡ್ಡೆಯ ಸುತ್ತ ಅಕ್ಕಿಕಾಳಿನಂಥ ಮರಿಗಳು ಅಂಟಿಕೊಂಡಿರುತ್ತವೆ, ಚೌಕಳಿಗಾಗಲಿ ಹಳದಿಗಾಗಲಿ ಅವು ಇರುವುದಿಲ್ಲ. ಎಲೆ ಹಳದಿಯಾಗಿ ಒಣಗಿ ಗೆಡ್ಡೆ ಮಲಗಿದ ಮೇಲೆ ಡಬ್ಬಿ ಬೋರಲು ಹಾಕಿ ನೋಡಿದರೆ ಗೊತ್ತಾಗುತ್ತದೆ. ಹಸಿರಿರುವಾಗ ಮಾತ್ರ ಮುಟ್ಟಬೇಡಿ, ಸತ್ತುಹೋಗುತ್ತದೆ.

ಮೇಷ್ಟ್ರು ಹೋದರು. ಮಾತು ಅಲ್ಲಿಗೇ ನಿಲ್ಲಬೇಕಿತ್ತು. ಆದರೆ ರಾತ್ರಿಯ ಊಟಕ್ಕೆ ಕೂತಾಗ ಸಣ್ಣಜ್ಜಿ ಮೆಲ್ಲಗೆ, "ಹುಟ್ಟು ತಿಳಿಯದು ಅಂತ ಯಾಕೆ ಬರೀಬೇಕು, ನನ್ನ ಕರಿಯ ಅಂತ ಈಗಲೇ ಬರೆಸಿದ್ರಾಗ್ತಿತ್ತು" ಎಂದಳು. ದೊಡ್ಡಜ್ಜಿ ಸೌಟು ಪಾತ್ರೆಗೆ ಎಸೆದಳು.

"ನನ್ನ ಮನೇಲಿ ಇದ್ಕೊಂಡು, ನನ್ನ ಹಿತ್ತಲ ಹೂವಿಗೆ ನೀನು ಹಕ್ಕು ಸಾಧಿಸ್ತೀಯಾ?"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವಳ ಗಂಡ ತಟ್ಟೆಯಿಂದ ಕತ್ತೆತ್ತಲಿಲ್ಲ. ಸಣ್ಣಜ್ಜಿ ತಟ್ಟೆಯಲ್ಲಿದ್ದದ್ದನ್ನು ಪೂರ್ತಿ ಉಂಡಳು, ಅನ್ನ ಬಿಟ್ಟೇಳುವವಳಲ್ಲ. ಕೈ ತೊಳೆದು ಬಂದು ಹೇಳಿದಳು:

"ನಿನ್ನ ಮನೆ. ಸರಿ ಅತ್ತಿಗೆ. ಕಾರ್ಖಾನೆಯ ಗೆಳತಿ ಒಬ್ಬಳು ಪಕ್ಕದೂರಲ್ಲಿದ್ದಾಳೆ, ಒಂದು ಕೋಣೆ ಇದೆ ಬಾ ಅಂತ ಎಷ್ಟು ಸಲ ಕರೆದಿದ್ದಾಳೆ. ಹಸಿರು ಗೆಡ್ಡೆ ಸಾಗಿಸೋಕಾಗಲ್ಲ. ಆ ಡಬ್ಬಿಯ ಎಲೆ ಹಳದಿಯಾಗಿ ಮಲಗಿದ ದಿನ ನನ್ನ ಗೆಡ್ಡೆಗಳನ್ನೆಲ್ಲ ಕಟ್ಕೊಂಡು ಹೊರಡ್ತೀನಿ."

"ಹೋಗು. ಯಾರು ಹಿಡ್ಕೊಂಡಿದ್ದಾರೆ?"

"ಹಿಡ್ಕೋ ಅಂತ ನಾನೂ ಹೇಳಲಿಲ್ಲ."

ಅಲ್ಲಿಂದ ಶುರುವಾಯಿತು ನೋಡಿ. ಡಬ್ಬಿ ಯಾರ ಕಡೆಗೂ ಬೇಡವೆಂದು ಒಗೆಯುವ ಕಲ್ಲಿನ ನಡುಮಧ್ಯೆ ಕೂತಿತು. ಬಟ್ಟೆ ಒಗೆಯಲು ಬಕೆಟ್ಟೇ ಗತಿಯಾಯಿತು. ಒಂದೇ ಕೋಣೆಯಲ್ಲಿ ಮಲಗುವ ಮುದುಕಿಯರ ನಡುವೆ ಒಂದು ಕುರ್ಚಿ ಬಂತು. ಸಣ್ಣಜ್ಜಿ ಮೇಜಿಗೆ ಬರುವುದನ್ನು ಬಿಟ್ಟು ಹಿತ್ತಲ ಮೆಟ್ಟಿಲ ಮೇಲೆ ತಟ್ಟೆ ಇಟ್ಟುಕೊಂಡು ಉಣ್ಣತೊಡಗಿದಳು. ಮಾತೆಲ್ಲ ಪುಟ್ಟಿಯ ಮೂಲಕ.

"ಪುಟ್ಟಿ, ನಿನ್ನ ಸಣ್ಣಜ್ಜಿಗೆ ಹೇಳು, ಕತ್ತರಿ ಬೇಕಂತೆ."

"ಪುಟ್ಟಿ, ನಿನ್ನ ದೊಡ್ಡಜ್ಜಿಗೆ ಹೇಳು, ಕತ್ತರಿ ಅವಳ ಮಡಿಲಲ್ಲೇ ಇದೆಯಂತೆ."

"ಇಬ್ಬರಿಗೂ ಕೇಳಿಸ್ತಲ್ಲ, ನಾನ್ಯಾಕೆ ಹೇಳ್ಬೇಕು?" ಎನ್ನುತ್ತಿದ್ದಳು ಪುಟ್ಟಿ.

ಗಂಡ ಒಂದು ಭಾನುವಾರ ಪಂಚಾಯ್ತಿಗೆ ಕೂತ. "ಅಮ್ಮ, ಅತ್ತೆ, ಇಬ್ಬರೂ ಸೇರಿ ಅರ್ಧರ್ಧ ಅಂತ ಹೇಳಿಬಿಡಿ, ಮುಗೀತು" ಎಂದ.

"ಅರ್ಧ ಅಪ್ಪ ಅಂತ ಇರ್ತಾನೇನೋ? ನಿನ್ನನ್ನೇನು ಅರ್ಧರ್ಧ ಹೆತ್ನಾ?" ಎಂದು ದೊಡ್ಡಜ್ಜಿ ಎಗರಿದಳು.

"ನಿನಗೆ ಲಿಫ್ಟು ಹತ್ತಿಸೋದು ಇಳಿಸೋದು ಬಿಟ್ರೆ ಏನು ಗೊತ್ತು, ಹೋಗಪ್ಪ" ಎಂದಳು ಸಣ್ಣಜ್ಜಿ. ವಾರಗಳ ಮೇಲೆ ಇಬ್ಬರೂ ಒಂದೇ ಪಕ್ಷ ವಹಿಸಿದ್ದು ಅದೊಂದೇ ಸಲ, ಅದೂ ಅವನನ್ನು ಓಡಿಸಲು.

ಸಣ್ಣಜ್ಜಿ ಹೋದರೆ ಶಾಲೆ ಬಿಟ್ಟು ಬರುವ ಪುಟ್ಟಿಯನ್ನು ನೋಡಿಕೊಳ್ಳುವವರು ಯಾರು ಎನ್ನುವುದು ಸೊಸೆಗೆ ಒಂದು ಚಿಂತೆ. ದೊಡ್ಡಜ್ಜಿಗೆ ಮೊಣಕಾಲು ನೋವು, ಬೀದಿ ದಾಟಿ ಹೋಗಲಾರಳು. ಆದರೆ ಅದು ಲೆಕ್ಕದ ಮಾತು. ನಿಜ ಹೇಳಬೇಕೆಂದರೆ ಅವಳಿಗೆ ಸಣ್ಣಜ್ಜಿ ಇಲ್ಲದ ಮನೆ ಬೇಕಿರಲಿಲ್ಲ. ಪುಟ್ಟಿ ಹುಟ್ಟಿದಾಗ ಜ್ವರ ಏರಿ ಸೊಸೆ ಬಡಬಡಿಸುತ್ತಿದ್ದಾಗ ಪಕ್ಕದಲ್ಲಿ ಕೂತು ಹಣೆಗೆ ಒದ್ದೆಬಟ್ಟೆ ಇಟ್ಟವಳು, ಕಾರ್ಖಾನೆಯ ಜೋಕುಗಳನ್ನು ಒಂದರ ಮೇಲೊಂದು ಹೇಳಿ ನಗಿಸಿದವಳು ಸಣ್ಣಜ್ಜಿ. ತವರು ಎಂದು ಹೇಳಿಕೊಳ್ಳಲು ಯಾರೂ ಇಲ್ಲದ ಸೊಸೆಗೆ ತವರೆಂದರೆ ಅವಳೇ.

"ಹೋಗ್ಬೇಡಿ ಅತ್ತೆ" ಎಂದು ಒಂದು ದಿನ ಬಟ್ಟೆ ಮಡಿಸುತ್ತಾ ಸಣ್ಣಜ್ಜಿಯನ್ನು ಕೇಳಿಯೂ ಕೇಳಿದಳು.

"ನೀನು ಹೇಳೋದು ಬೇರೆ, ಹೇಳ್ಬೇಕಾದೋರು ಹೇಳೋದು ಬೇರೆ" ಎಂದು ಸಣ್ಣಜ್ಜಿ ಪುಟ್ಟಿಯ ಅಂಗಿಯ ಗುಂಡಿ ನೋಡತೊಡಗಿದಳು. ಮಾರನೆಯ ದಿನ ಮಂಚದ ಕೆಳಗಿಂದ ಟ್ರಂಕು ಹೊರಬಂತು. ಸ್ವೆಟರು, ಚಿಮುಟ, ಕುಂಚಗಳ ಕಟ್ಟು ಒಂದೊಂದೇ ಅದರೊಳಗೆ ಸೇರಿದವು.

ದೊಡ್ಡಜ್ಜಿಯ ಹತ್ತಿರ ಮಾತೆತ್ತಿದರೆ, ಕೋಣನ ಮುಂದೆ ಕಿನ್ನರಿ. "ಹೋಗೋರನ್ನ ಕಟ್ಟಿಹಾಕೋಕೆ ನಾನೇನು ಹಗ್ಗ ಮಾರ್ತೀನಾ?" ಎಂದು ಈರುಳ್ಳಿ ಕೊಚ್ಚುತ್ತಿದ್ದಳು. ಆದರೆ ಚಹಾ ಮಾತ್ರ ಮೊದಲಿನ ಹಾಗೆ ಎರಡು ಲೋಟಕ್ಕೇ ಬಸಿಯುತ್ತಿದ್ದಳು. ಒಂದನ್ನು ತಾನು ಕುಡಿದು ಇನ್ನೊಂದನ್ನು ಹಿತ್ತಲ ಬಾಗಿಲ ಪಕ್ಕ ಇಟ್ಟು, "ಜಾಸ್ತಿ ಆಯ್ತು, ಬೇಕಾದೋರು ಕುಡೀರಿ" ಎಂದು ಗೋಡೆಗೆ ಹೇಳುತ್ತಿದ್ದಳು. ಸಣ್ಣಜ್ಜಿ ಮುಟ್ಟುತ್ತಿರಲಿಲ್ಲ. ಅದು ಕೆನೆಗಟ್ಟಿ ತಣ್ಣಗಾಗಿ ಕೊನೆಗೆ ಮೋರಿಗೆ ಹೋಗುತ್ತಿತ್ತು.

ಹೂವು ಉದುರಿತು. ಬಿಸಿಲು ಏರಿತು. ಮನೆಯ ಎಲ್ಲರ ಕಣ್ಣೂ ಆ ಡಬ್ಬಿಯ ಎಲೆಗಳ ಮೇಲೆ. ಪುಟ್ಟಿ ಶಾಲೆಗೆ ಹೋಗುವ ಮುಂಚೆ ಕೂಗುತ್ತಿದ್ದಳು, "ಇನ್ನೂ ಹಸಿರು!" ಅದು ಕೇಳಿದ ಮೇಲೇ ಸೊಸೆಗೆ ತಿಂಡಿ ಗಂಟಲಲ್ಲಿ ಇಳಿಯುತ್ತಿತ್ತು.

ಒಂದು ಬೆಳಗ್ಗೆ ಪುಟ್ಟಿ ಕೂಗಲಿಲ್ಲ. ಸೊಸೆ ಹೋಗಿ ನೋಡಿದರೆ ಕೆಳಗಿನ ಎಲೆಯ ತುದಿ ಕೂದಲೆಳೆಯಷ್ಟು ಹಳದಿ. ಏನು ಮಾಡುವುದೆಂದು ಅವಳು ಯೋಚಿಸಲೂ ಇಲ್ಲ; ಕೈಯಲ್ಲಿದ್ದ ಲೋಟದ ನೀರನ್ನು ಡಬ್ಬಿಗೆ ಸುರಿದಳು. ಬಾಡಿದ ಸೊಪ್ಪಿಗೆ ನೀರು ಚಿಮುಕಿಸಿದರೆ ಮತ್ತೆ ನಿಗುರುವುದಿಲ್ಲವೇ? ಹಾಗೆಯೇ ಅಂದುಕೊಂಡಳು. ಹೂ ಮುಗಿದ ಗಂಟೆಗೆಡ್ಡೆಗೆ ನೀರು ಅಂದರೆ ವಿಷ, ಅದು ಒಣಗಿ ಮಲಗಬೇಕು ಎಂದು ಆ ಮನೆಯ ಗೋಡೆಗೂ ಗೊತ್ತು. ಇವಳಿಗೂ ಕಿವಿಗೆ ಬಿದ್ದಿರಬೇಕು. ಆದರೆ ಪ್ರಾಣಕ್ಕೆ ಬಂದಾಗ ಕಿವಿಗೆ ಬಿದ್ದದ್ದೆಲ್ಲ ನೆನಪಾಗುತ್ತದೆಯೇ?

ಅಲ್ಲಿಂದ ದಿನಾ ಬೆಳಗ್ಗೆ, ಹಾಲು ಕಾಯಲು ಇಟ್ಟು, ಯಾರೂ ಇಲ್ಲದಾಗ ಒಂದು ಲೋಟ ನೀರು. ಎಲೆ ಹಸಿರಾಗಿಯೇ ನಿಂತಿತು. ಸೊಸೆಗೆ ಲಾಟರಿ ಹೊಡೆದಷ್ಟು ಸಂತೋಷ. ಕೆಲವು ದಿನ ಅವಳು ಹೋಗುವ ಮುಂಚೆಯೇ ಮಣ್ಣು ಒದ್ದೆಯಾಗಿರುತ್ತಿತ್ತು; ಇಬ್ಬನಿ ಇರಬೇಕು ಎಂದುಕೊಂಡಳು. ಆ ಬಿಸಿಲುಗಾಲದಲ್ಲಿ ಎಲ್ಲಿಂದ ಬರಬೇಕು ಇಬ್ಬನಿ ಎಂದು ಮಾತ್ರ ಕೇಳಿಕೊಳ್ಳಲಿಲ್ಲ.

ಸಣ್ಣಜ್ಜಿಯ ಮಿಕ್ಕ ಕುಂಡಗಳೆಲ್ಲ ಒಣಗಿದವು. ಅವಳು ಗೆಡ್ಡೆ ಕಿತ್ತು, ಮಣ್ಣು ಕೊಡವಿ, ಕಾಗದದ ಚೀಲಗಳಿಗೆ ಹಾಕಿ ಟ್ರಂಕಿನ ಮೇಲೆ ಸಾಲಾಗಿ ಇಟ್ಟಳು. ದೊಡ್ಡಜ್ಜಿಯ ಕುಂಡಗಳೂ ಒಣಗಿದವು. ಡಬ್ಬಿಯೊಂದೇ ಹಸಿರು.

"ಇದೇನು ಇದಕ್ಕೆ ಬಂದಿರೋದು? ಎಲ್ಲ ಮಲಗಿದ್ರೂ ಇದು ಎದ್ದೇ ಕೂತಿದೆ" ಎಂದು ಸಣ್ಣಜ್ಜಿ ಹುಬ್ಬು ಗಂಟಿಕ್ಕಿದಳು.

"ಹೊಸ ತಳಿ. ಅದರ ಗುಣ ಯಾರಿಗೆ ಗೊತ್ತು? ಕಾಯ್ಬೇಕು" ಎಂದಳು ದೊಡ್ಡಜ್ಜಿ, ಪುಟ್ಟಿಯನ್ನು ನಡುವೆ ಕರೆಯದೆ, ನೇರವಾಗಿ. ಹಾಗೆ ನೇರ ಮಾತಾಡಿದ್ದು ಇಬ್ಬರಿಗೂ ಗಮನಕ್ಕೆ ಬಂದು, ಇಬ್ಬರೂ ಬೇರೆ ಬೇರೆ ಕಡೆಗೆ ಎದ್ದು ಹೋದರು.

ಮುಂದಿನ ಭಾನುವಾರ ಎಲೆ ಹಳದಿಯಾಗಲಿಲ್ಲ. ಹಸಿರು ಹಸಿರಾಗಿಯೇ ಬುಡದಿಂದ ಮಗುಚಿ ಬಿದ್ದಿತ್ತು. ಸಣ್ಣಜ್ಜಿ ಬೆರಳಿನಿಂದ ಎತ್ತಿದರೆ ಕಾಂಡ ಬೇರಿಲ್ಲದೆ ಕೈಗೆ ಬಂತು. ಅವಳು ಕಲ್ಲಿನ ಮೇಲೆ ಹಳೇ ಕಾಗದ ಹಾಸಿ ಡಬ್ಬಿಯನ್ನು ಬೋರಲು ಹಾಕಿದಳು. ಮಣ್ಣು ಉದುರಲಿಲ್ಲ, ಕೆಸರಿನ ಮುದ್ದೆಯಾಗಿ ಧೊಪ್ಪೆಂದು ಬಿತ್ತು. ಕೊಳೆತ ವಾಸನೆ ಹಿತ್ತಲೆಲ್ಲ ಹರಡಿತು. ಗೆಡ್ಡೆ ಇದ್ದ ಜಾಗದಲ್ಲಿ ಕಂದು ಲೋಳೆ.

"ನೀರು ಹಾಕಿದ್ದಾರೆ" ಎಂದಳು ಸಣ್ಣಜ್ಜಿ. ಮುಖ ಕೆಂಪಾಯಿತು. "ಅತ್ತಿಗೆ! ಬಾ ಇಲ್ಲಿ! ನನಗೆ ಸಿಗಬಾರ್ದು ಅಂತ ಕೊಳೆಸಿಬಿಟ್ಯಾ? ಇಷ್ಟು ಹೊಟ್ಟೆಕಿಚ್ಚಾ ನಿನಗೆ? ನಿನ್ನದೇ ಅಂತ ಬರೆಸ್ಕೋಬಹುದಾಗಿತ್ತಲ್ಲೇ, ನಾನೇನು ಕೋರ್ಟಿಗೆ ಹೋಗ್ತಿದ್ನಾ? ಸಾಯಿಸೋದ್ಯಾಕೆ!"

ಪಾತ್ರೆ ತಿಕ್ಕುತ್ತಿದ್ದ ದೊಡ್ಡಜ್ಜಿ ಬಾಗಿಲಿಗೆ ಬಂದು ನಿಂತಳು. ಸೊಸೆ ಓಡಿಬಂದು ನಡುವೆ ಹೊಕ್ಕಳು.

"ಅವರಲ್ಲ, ನಾನು. ನಾನು ಹಾಕಿದ್ದು. ದಿನಾ ಒಂದು ಲೋಟ. ಹಸಿರಾಗೇ ಇದ್ರೆ ನೀವು ಹೋಗಲ್ಲ ಅಂತ..." ಅಷ್ಟರಲ್ಲಿ ಅಳು ಬಂದುಬಿಟ್ಟಿತು.

ಸಣ್ಣಜ್ಜಿ ಅವಳನ್ನೇ ನೋಡಿದಳು. ಕೋಪ ಇಳಿಯಿತೋ ಇಲ್ಲವೋ, ದನಿ ಇಳಿಯಿತು. ಕೆಸರನ್ನು ಹಿಂಡಿದಳು, ಬೆರಳ ಸಂದಿಯಿಂದ ನೀರು ಸುರಿಯಿತು.

"ಒಂದು ಲೋಟಕ್ಕೆ ಇಷ್ಟು ಕೊಳೆಯಲ್ಲ ಮಗೂ. ಈ ಬಿಸಿಲಿಗೆ ಒಂದು ಲೋಟ ಮಧ್ಯಾಹ್ನದೊಳಗೆ ಆರಿಹೋಗುತ್ತೆ. ಇದು ಬಕೆಟ್ಟು ನೀರು."

ದೊಡ್ಡಜ್ಜಿ ಒದ್ದೆ ಕೈಯನ್ನು ಬಟ್ಟೆಗೆ ಒರೆಸಿದಳು, ಒಣಗಿದ ಮೇಲೂ ಒರೆಸುತ್ತಲೇ ಇದ್ದಳು.

"ನೀರಿನ ಕ್ಯಾನು ಅರ್ಧ ತುಂಬ್ತಿದ್ದೆ" ಎಂದಳು ಕೊನೆಗೆ. "ಎಲ್ಲರಿಗಿಂತ ಮುಂಚೆ ಎದ್ದು. ಇವಳೂ ಹಾಕ್ತಿದ್ದಾಳೆ ಅಂತ ನನಗೇನು ಕನಸು ಬಿದ್ದಿತ್ತಾ? ಗೊತ್ತಿದ್ರೆ ಕಾಲು ಭಾಗ ಹಾಕ್ತಿದ್ದೆ."

"ನೀನು? ಕೊಳೆಯುತ್ತೆ ಅಂತ ನಿನಗೆ ಗೊತ್ತಿಲ್ವಾ?"

"ನನಗೆ ಗೊತ್ತಿಲ್ದೇ ಇರುತ್ತಾ? ನಿನಗೆ ಗೆಡ್ಡೆ ಹಿಡಿಯೋದು ಕಲಿಸಿದ್ದೇ ನಾನು."

"ಮತ್ಯಾಕೆ ಹಾಕಿದೆ? ನಿನ್ನ ಹೂವು ಅಂತ ಊರೆಲ್ಲ ಸಾರಿದ್ಯಲ್ಲ!"

"ಹೂವು ಹೋದ್ರೆ ಇನ್ನೊಂದು ಮಾಡ್ಕೋಬಹುದು ಕಣೇ" ಎಂದಳು ದೊಡ್ಡಜ್ಜಿ. ಕೋಪ ಬಂದವಳ ಹಾಗೆ ಕೆಮ್ಮಿದಳು. "ಹೋಗ್ಬೇಡ ಅಂತ ಬಾಯಿಬಿಟ್ಟು ಹೇಳೋಕೆ ಬರಲ್ಲ ನನಗೆ, ಗೊತ್ತಲ್ಲ ನಿನಗೆ. ಆ ರಾತ್ರಿ ನನ್ನ ಮನೆ ಅಂದ್ನಲ್ಲ, ಈ ನಾಲಿಗೆಗೆ ಬರೆ ಹಾಕ್ಬೇಕು. ನಾನು ಮದುವೆಯಾಗಿ ಬಂದ ದಿನ ಆ ಬಾಗಿಲು ತೆಗೆದೋಳು ಯಾರು? ಮೋಟು ಜಡೆ ಹಾಕ್ಕೊಂಡು, ಒಳಗೆ ಬಾ ಅತ್ತಿಗೆ ಅಂತ ನೀನೇ ತಾನೇ ಕರೆದಿದ್ದು? ನಿನ್ನ ಮನೇಗೆ ನಾನು ಬಂದಿದ್ದು."

ಸಣ್ಣಜ್ಜಿ ಕಲ್ಲಿನ ಅಂಚಿಗೆ ಕೂತುಬಿಟ್ಟಳು. ಕಣ್ಣು ಒರೆಸಿಕೊಳ್ಳಲು ಹೋಗಿ ಕೆನ್ನೆಗೆಲ್ಲ ಕೆಸರು ಬಳಿದುಕೊಂಡಳು. ಗಂಡ, ಶೂ ಹಾಕಿಕೊಳ್ಳುತ್ತಿದ್ದವನು, ಒಂದು ಕಾಲಿಗೆ ಹಾಕಿ ಇನ್ನೊಂದನ್ನು ಕೈಯಲ್ಲಿ ಹಿಡಿದು ಬಾಗಿಲಲ್ಲಿ ನಿಂತಿದ್ದ.

ಪುಟ್ಟಿ ಕೆಸರಿನ ಮುದ್ದೆಯನ್ನು ಕಡ್ಡಿಯಿಂದ ಕೆದಕುತ್ತಿದ್ದಳು.

"ಸಣ್ಣಜ್ಜಿ, ಇದರಲ್ಲಿ ಅಕ್ಕಿ ಯಾರು ಹಾಕಿದ್ದು?"

ಇಬ್ಬರು ಮುದುಕಿಯರ ತಲೆಗಳೂ ಒಟ್ಟಿಗೆ ಬಗ್ಗಿದವು, ಢಿಕ್ಕಿ ಹೊಡೆದವು. ಲೋಳೆಯ ಸುತ್ತ, ಮುದ್ದೆಯ ಅಂಚಿಗೆ ಸರಿದು, ಬೆಳ್ಳಗೆ ಗಟ್ಟಿಯಾಗಿ, ಅಕ್ಕಿಕಾಳಿನಷ್ಟೇ ಗಾತ್ರದ ಮರಿಗಳು. ತಾಯಿಗೆಡ್ಡೆ ಕರಗಿದ್ದರೂ ಅವು ಕೊಳೆತಿರಲಿಲ್ಲ. ಸಣ್ಣಜ್ಜಿ ಒಂದನ್ನು ಉಗುರಿನಿಂದ ಒತ್ತಿ ನೋಡಿದಳು.

"ಜೀವ ಇದೆ."

"ಕರಿಯನೇ ಅಪ್ಪ" ಎಂದಳು ದೊಡ್ಡಜ್ಜಿ.

"ಅಮ್ಮ ನಿನ್ನ ಚೌಕಳಿ. ಒಳಗಿನ ಆ ಗೆರೆ ಇನ್ಯಾರಿಂದಲೂ ಬರಲ್ಲ. ನಾವು ಯಾರೂ ದಾರ ಕಟ್ಟಿದ್ದಲ್ಲ ಬಿಡು. ಯಾವುದೋ ದುಂಬಿ ಕಲ್ಲು ದಾಟಿದೆ."

"ಆದ್ರೂ ನನಗೆ ಶೀತ ಇದ್ದದ್ದಂತೂ ನಿಜ" ಎಂದಳು ದೊಡ್ಡಜ್ಜಿ. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ. ಸಣ್ಣಜ್ಜಿಗೆ ಅಳುವಿನ ನಡುವೆಯೇ ನಗು ಬಂತು. ಬಂದ ನಗು ನಿಲ್ಲಲಿಲ್ಲ, ಸೊಸೆಗೂ ಅಂಟಿತು.

ಮರಿಗಳನ್ನು ತೊಳೆದು, ಒರೆಸಿ, ತಟ್ಟೆಯಲ್ಲಿ ಹರಡಿದ್ದಾಯಿತು. ಹೊಸ ಮರಳು ಬೆರೆಸಿದ ಮಣ್ಣು ತುಂಬುವ ಹೊತ್ತಿಗೆ ಎಷ್ಟು ಆಳಕ್ಕೆ ಊರಬೇಕೆಂದು ಮತ್ತೆ ವಾದ ಶುರುವಾಯಿತು. ಒಬ್ಬಳು ಉಗುರಿನಷ್ಟು ಎಂದರೆ ಇನ್ನೊಬ್ಬಳು ಬೆರಳಿನಷ್ಟು. ಒಳಗಿದ್ದ ಸೊಸೆಗೆ ಆ ಗದ್ದಲ ಕೇಳಿ ಎಷ್ಟೋ ವಾರಗಳ ಮೇಲೆ ಹಸಿವಾಯಿತು.

"ಇವು ಹೂ ಬಿಡೋಕೆ ಎಷ್ಟು ದಿನ ಬೇಕು?" ಎಂದು ಪುಟ್ಟಿ ಕೇಳಿದಳು.

"ದಿನ ಅಲ್ಲ, ನಾಲ್ಕು ವರ್ಷ ಬೇಕು" ಎಂದಳು ಸಣ್ಣಜ್ಜಿ. ಎದ್ದು ಒಳಗೆ ಹೋದಳು. ಟ್ರಂಕಿನಿಂದ ಕುಂಚಗಳ ಕಟ್ಟು ತಂದು ಕಿಟಕಿಯ ಮೇಲಿನ ಹಳೇ ಜಾಗದಲ್ಲಿಟ್ಟಳು. ಆಮೇಲೆ ನೀರಿನ ಕ್ಯಾನನ್ನು ಎತ್ತಿ, ದೊಡ್ಡಜ್ಜಿಯ ಕೈಗೆ ಎಟುಕದಷ್ಟು ಎತ್ತರದ ಮೊಳೆಗೆ ನೇತುಹಾಕಿದಳು.

"ಇನ್ಮೇಲೆ ಈ ಡಬ್ಬಿಗೆ ನೀರು ಹಾಕೋದು ನಾನೊಬ್ಬಳೇ. ಅತ್ತೆ ಸೊಸೆ ಯಾರೂ ಮುಟ್ಟಕೂಡದು."

"ಎಷ್ಟು ದಿನ ಹಾಕ್ತೀಯಾ?" ಎಂದು ದೊಡ್ಡಜ್ಜಿ, ಒಲೆಯ ಕಡೆ ತಿರುಗಿಕೊಂಡೇ ಕೇಳಿದಳು.

"ಹೂ ಬಿಡೋ ತನಕ."

ದೊಡ್ಡಜ್ಜಿ ಚಹಾವನ್ನು ಎರಡು ಲೋಟಕ್ಕೆ ಬಸಿದಳು. ಒಂದನ್ನು ಬಾಗಿಲ ಪಕ್ಕ ಇಡಲು ಹೋದವಳು, ತಡೆದು, ಮೇಜಿನ ಮೇಲಿಟ್ಟಳು. ಸಣ್ಣಜ್ಜಿ ಬಂದು ತನ್ನ ಕುರ್ಚಿ ಎಳೆದು ಕೂತು ಒಂದು ಗುಟುಕು ಕುಡಿದಳು.

"ಸಕ್ಕರೆ ಕಮ್ಮಿ" ಎಂದಳು.